ಬೆಟ್ಟ ಹತ್ತಿದ ತೂಕದ ಮೆಷಿನ್, ಗಾಡಿಯಲ್ಲಿ ಬಿಟ್ಟ ತಂಬಿಟ್ಟು

ಬೆಟ್ಟ ಹತ್ತಲು ಹೋಗುವವರು ಜೊತೆಗೆ ಏನೇನು ಒಯ್ಯುತ್ತಾರೆ? ನೀರು, ಬುತ್ತಿ, ಒಂದು ಟಾರ್ಚು, ಹೊದೆಯಲು ಏನಾದರೂ. ಹೌದು ತಾನೆ?

ಹೋದ ತಿಂಗಳು ಹೆಬ್ಬಾಳದಲ್ಲಿ ನನ್ನ ಟೆಂಪೋ ಟ್ರಾವೆಲರ್ ಹತ್ತಿದ ಹನ್ನೊಂದು ಜನ ತೂಕದ ಮೆಷಿನ್ ತಂದಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಬಾತ್‌ರೂಮಿನ ಹೊರಗೆ ಇಟ್ಟುಕೊಂಡಿರುತ್ತಾರಲ್ಲ, ಗಾಜಿನದು, ಮೇಲೆ ನಿಂತರೆ ಕೆಂಪು ಅಂಕಿ ಮಿಣಮಿಣ ಅನ್ನುವುದು, ಅದೇ. ಅದಕ್ಕೊಂದು ಟವೆಲ್ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಗಾಡಿ ಹತ್ತಿದವರು ಬೇರೆ ಯಾರೋ ಅಲ್ಲ. ನನ್ನ ಅಳಿಯ ಪ್ರದೀಪ.

ಹಳೆಯ ಓದುಗರಿಗೆ ನಾನು ಯಾರು ಅಂತ ಗೊತ್ತು. ಹೊಸಬರಿಗಾಗಿ ಎರಡು ಮಾತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಶವಂತಪುರದ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ ಮೂಟೆ ಹೊತ್ತೆ. ಈಗ ಸ್ವಂತದ್ದು ಎರಡು ಗಾಡಿ ಇವೆ, ಒಂದನ್ನು ನಾನೇ ಓಡಿಸುತ್ತೇನೆ. ಮಿಕ್ಕ ಹೊತ್ತಿನಲ್ಲಿ ಈ ಅಂಕಣ. (ಕಾಗುಣಿತ ತಿದ್ದುವುದು ಸಂಪಾದಕರ ಕೆಲಸ. ಬೈಯುವುದು ನನ್ನ ಕೆಲಸ.)

ಈಗ ಅಳಿಯನ ವಿಷಯ. ಮದುವೆಯಾಗಿ ಒಂದೂವರೆ ವರ್ಷ. ಬಿ.ಇ. ಓದಿ ಜಾಲಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಆ ಪಾರ್ಟನ್ನು ತೆಗೆದು ಪಕ್ಕಕ್ಕೆ ಹಾಕುವ ಕೆಲಸ. ಒಳ್ಳೆಯ ಹುಡುಗ. ಮದುವೆಯ ದಿನ ಕಡ್ಡಿ ಹಾಗಿದ್ದ. ಆಮೇಲೆ ನನ್ನ ಹೆಂಡತಿ ಜಯಮ್ಮನ ಕೈಗೆ ಸಿಕ್ಕಿದ. ಅಳಿಯ ಮನೆಗೆ ಬಂದರೆ ‘ಸಾಕು’ ಅನ್ನುವ ಮಾತಿಗೆ ನಮ್ಮಲ್ಲಿ ಬೆಲೆ ಇಲ್ಲ. ಸಾಕು ಅಂದರೆ ಇನ್ನೆರಡು ಹೋಳಿಗೆ. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ತುಪ್ಪ. ಸಿಂಗಾಪುರದ (ಬೆಂಗಳೂರಿನದ್ದೇ, ವಿಮಾನ ಬೇಡ) ನಮ್ಮ ಮನೆಯಲ್ಲಿ ಅರ್ಧ, ಮಗಳ ದೊಡ್ಡಮ್ಮ ಚಿಕ್ಕಮ್ಮಂದಿರ ಮನೆಗಳಲ್ಲಿ ಇನ್ನರ್ಧ, ಅಂತೂ ಹುಡುಗ ದುಂಡಗಾದ. ಪ್ಯಾಂಟು ಬದಲಾಯಿಸಿದ. ಆಮೇಲೆ ಒಂದು ದಿನ ಕೆಂಪಾಪುರದ ಪಾರ್ಕಿನ ಫಿಟ್‌ನೆಸ್ ಗ್ರೂಪ್ ಸೇರಿದ.

ಸೇರಲಿ. ನಾನು ಬೇಡ ಅಂದೆನೆ? ಬೆಳಿಗ್ಗೆ ಎದ್ದು ಓಡಿದರೆ ಯಾರಿಗೆ ನಷ್ಟ?

ಆದರೆ ಆ ಗ್ರೂಪಿಗೆ ಒಬ್ಬ ಕೋಚ್ ಇದ್ದಾನೆ. ಹೆಸರು ಚೇತನ್. ಮೂವತ್ತು ವರ್ಷ ಇರಬಹುದು. ಎರಡು ಕೈಯಲ್ಲೂ ಒಂದೊಂದು ವಾಚು. ಇವನು ತೊಂಬತ್ತು ದಿನದ ಒಂದು ಪಂದ್ಯ ಕಟ್ಟಿದ್ದ. ಯಾರು ಹೆಚ್ಚು ತೂಕ ಕಳೆದುಕೊಳ್ಳುತ್ತಾರೋ ಅವರು ಗೆದ್ದರು. ಕೊನೆಯ ತೂಕ ಸೋಮವಾರ ಬೆಳಿಗ್ಗೆ, ಪಾರ್ಕಿನಲ್ಲಿ. ಅದರ ಹಿಂದಿನ ಶನಿವಾರ ಭಾನುವಾರ ಬೆಟ್ಟ.

ಲೆಕ್ಕ ಅರ್ಥವಾಯಿತೆ? ಎರಡು ದಿನ ಬೆಟ್ಟ ಹತ್ತಿದರೆ ಮೈ ಉರಿಯುತ್ತದೆ. ಅದರ ಜೊತೆ ಊಟವನ್ನೂ ಬಿಟ್ಟರೆ ಸೋಮವಾರ ಅಂಕಿ ಇಳಿದಿರುತ್ತದೆ. ಬೆಟ್ಟ ನೋಡಲು ಹೋದವರಲ್ಲ ಇವರು. ಬೆಟ್ಟಕ್ಕೆ ಮೈ ಉಜ್ಜಲು ಹೋದವರು.

(ಯಾವ ಬೆಟ್ಟ ಅಂತ ಕೇಳಬೇಡಿ. ಘಟ್ಟದ ಕಡೆಯದು. ಹೆಸರು ಬರೆದರೆ ಮುಂದಿನ ವಾರ ನೀವೂ ಮೆಷಿನ್ ಹೊತ್ತುಕೊಂಡು ಹೊರಡುತ್ತೀರಿ.)

ಶುಕ್ರವಾರ ಮಧ್ಯಾಹ್ನ ಹೆಬ್ಬಾಳದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದೆ. ಫುಟ್‌ಪಾತ್ ಮೇಲೆ ಮೆಷಿನ್ ಇಟ್ಟು ಒಬ್ಬೊಬ್ಬರೇ ನಿಂತು ಅಂಕಿ ಬರೆಸಿದರು. ಚೇತನ್ ನನ್ನ ಕಡೆ ತಿರುಗಿದ.

“ಅಂಕಲ್, ನೀವೂ ಒಂದ್ಸಲ ನಿಂತ್ಕೊಳ್ಳಿ. ಸುಮ್ನೆ, ಫನ್‌ಗೆ.”

ನಿಂತೆ. ತೊಂಬತ್ತೆರಡು.

“ಅಯ್ಯೋ ಅಂಕಲ್, ನೀವು ಒಬೀಸ್ ಕ್ಯಾಟಗರಿ ಕಣ್ರೀ!”

“ಹಂಗಂದ್ರೆ ಏನಪ್ಪಾ?”

“ಹಂಗಂದ್ರೆ ನೀವು ಕೆಳಗಡೆ ಗಾಡಿ ಹತ್ರನೇ ರೆಸ್ಟ್ ಮಾಡಿ. ಬೆಟ್ಟ ಗಿಟ್ಟ ನಿಮ್ಗೆ ಸೇಫ್ ಅಲ್ಲ. ಹಾರ್ಟ್ ಪ್ರಾಬ್ಲಮ್ ಆಗ್ಬಿಡ್ಬೋದು.”

ಹಿಂದೆ ನಿಂತಿದ್ದವರು ನಕ್ಕರು. ನನ್ನ ಅಳಿಯ ನಗಲಿಲ್ಲ, ಶೂ ಲೇಸ್ ಕಟ್ಟಿಕೊಳ್ಳುವ ಹಾಗೆ ಬಗ್ಗಿದ. (ಲೇಸ್ ಮೊದಲೇ ಕಟ್ಟಿತ್ತು.)

ನಾನು ಮಂಡಿಯ ಕಾಟಾ ನೋಡಿಕೊಂಡು ಬೆಳೆದವನು. ಮೂಟೆ ತೂಗುವ ದೊಡ್ಡ ತಕ್ಕಡಿಗೆ ನಾವು ಕಾಟಾ ಅನ್ನುತ್ತಿದ್ದೆವು. ಅದರ ಮೇಲೆ ಮೂಟೆ ಇಡುತ್ತಾರೆ, ಮನುಷ್ಯರನ್ನು ನಿಲ್ಲಿಸುವುದಿಲ್ಲ. ಯಾಕೆ ಹೇಳಿ? ಮೂಟೆಗೆ ತೂಕ ಬಿಟ್ಟರೆ ಬೇರೆ ಗುಣ ಇಲ್ಲ. ಮನುಷ್ಯನಿಗೆ ಇರಬೇಕು ಅಂತ ಒಂದು ನಂಬಿಕೆ.

ಅಲ್ಲೇ ತೀರ್ಮಾನಿಸಿದೆ. ನಾನೂ ಹತ್ತುತ್ತೇನೆ.

ಶನಿವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇನ್ನೊಂದು ಸುತ್ತು ತೂಕ. ಈ ಸಲ ಬ್ಯಾಗುಗಳದ್ದು. ಒಂದು ಬ್ಯಾಗು ಏಳು ಕಿಲೋ ದಾಟಬಾರದು ಅಂತ ಕೋಚ್ ಅಪ್ಪಣೆ. ಅಳಿಯನ ಬ್ಯಾಗು ಒಂಬತ್ತು ಬಂತು. ಅವನು ಅದನ್ನು ಬಿಚ್ಚಿ, ಯೋಚಿಸಿ, ಒಂದು ಸ್ಟೀಲ್ ಡಬ್ಬ ಹೊರಗೆ ತೆಗೆದು ಗಾಡಿಯ ಹಿಂದಿನ ಸೀಟಿನ ಕೆಳಗೆ ತಳ್ಳಿದ. ತೆರವಾದ ಜಾಗದಲ್ಲಿ ತೂಕದ ಮೆಷಿನ್ ಕೂತಿತು. ಕೋಚ್ ನೋಡಿಕೊಂಡು ‘ಪರ್ಫೆಕ್ಟ್’ ಅಂದ. (ಮೆಷಿನ್ನಿನ ತೂಕ ಲೆಕ್ಕಕ್ಕಿಲ್ಲ.)

ಗಾಡಿ ಲಾಕ್ ಮಾಡುವಾಗ ಡಬ್ಬ ತೆಗೆದು ನೋಡಿದೆ. ತಂಬಿಟ್ಟು. ಜಯಮ್ಮ ಗುರುವಾರ ಇಡೀ ದಿನ ಕೂತು ಹುರಿಗಡಲೆ, ಕಡಲೆಬೀಜ, ಬೆಲ್ಲ, ತುಪ್ಪ ಹಾಕಿ ಕಟ್ಟಿದ ಇಪ್ಪತ್ತನಾಲ್ಕು ಉಂಡೆ. “ಬೆಟ್ಟ ಹತ್ತೋರ್ಗೆ ಶಕ್ತಿ ಬೇಕು, ಅಳಿಯಂದ್ರು ಹೊಟ್ಟೆ ತುಂಬ ತಿನ್ಲಿ” ಅಂತ ಕೊಟ್ಟು ಕಳಿಸಿದ್ದಳು.

ಅಂದರೆ ಏನಾಯಿತು? ತಿನ್ನುವ ಎರಡು ಕಿಲೋ ಕೆಳಗೆ ಉಳಿಯಿತು. ತಿನ್ನಲಾಗದ ಎರಡು ಕಿಲೋ ಬೆಟ್ಟ ಹತ್ತಿತು. ಇದಕ್ಕೆ ಬಿ.ಇ. ಓದಬೇಕಂತೆ!

ಡಬ್ಬವನ್ನು ನನ್ನ ಹಳೆಯ ಜೋಳಿಗೆಗೆ ಹಾಕಿಕೊಂಡೆ. ಒಂದು ಉಂಡೆ ಬೆಲ್ಲ ಮೊದಲೇ ಅದರಲ್ಲಿತ್ತು. ನನ್ನ ಜೋಳಿಗೆಯಲ್ಲಿ ಯಾವತ್ತೂ ಇರುತ್ತದೆ, ಮಂಡಿಯ ಕಾಲದಿಂದ.

ಹತ್ತಿದೆವು. ಮುಂದೆ ಗೈಡ್ ಶೇಷಪ್ಪ, ಅಲ್ಲೇ ಬೆಟ್ಟದ ಬುಡದವನು, ನನ್ನ ವಯಸ್ಸಿನವನೇ, ಬೆತ್ತದಂಥ ಮೈ. ಹಿಂದೆ ಹನ್ನೊಂದು ಜನ ಮತ್ತು ಹನ್ನೆರಡು ವಾಚು. ಕೊನೆಯಲ್ಲಿ ಒಬೀಸ್ ಕ್ಯಾಟಗರಿ.

ದಾರಿಯುದ್ದಕ್ಕೂ ವಾಚು ನೋಡುವುದೇ ನೋಡುವುದು. “ಎಷ್ಟು ಬರ್ನ್ ಆಯ್ತು ಮಗಾ?” “ಸಾವಿರ ಕ್ಯಾಲೊರಿ ದಾಟ್ತು ಗುರು!” ಎದುರಿಗೆ ಕಣಿವೆ ಬಾಯಿ ತೆರೆದುಕೊಂಡು ಬಿದ್ದಿದೆ, ಮೋಡ ಕಾಲ ಕೆಳಗೆ ಓಡಾಡುತ್ತಿದೆ, ಇವರ ಕಣ್ಣು ಮಣಿಕಟ್ಟಿನ ಮೇಲೆ. ಹಸಿವಾಗಿದೆಯೋ ಇಲ್ಲವೋ ಅಂತ ಹೊಟ್ಟೆಯನ್ನು ಕೇಳುವುದು ಬಿಟ್ಟು ವಾಚನ್ನು ಕೇಳುವ ಜನರನ್ನು ನಾನು ಅವತ್ತೇ ನೋಡಿದ್ದು.

ಮಧ್ಯಾಹ್ನಕ್ಕೆ ಶೇಷಪ್ಪ ಅನ್ನ, ಹುರುಳಿಕಾಳಿನ ಸಾರು ಮಾಡಿದ. ಇವರು ಸೌತೆಕಾಯಿ ತಿಂದರು. ಸಾಯಂಕಾಲ ಡೇರೆ ಹಾಕಿದ ಮೇಲೆ ಒಂದೊಂದು ಲೋಟ ಸೂಪು, ಪುಡಿ ಕಲಸಿದ್ದು. ನಾನು ಮತ್ತು ಶೇಷಪ್ಪ ಅವರ ಪಾಲಿನ ಅನ್ನವನ್ನೂ ಉಂಡೆವು. ಚೇತನ್ ನನ್ನ ತಟ್ಟೆ ನೋಡಿ ತಲೆಯಾಡಿಸಿದ.

“ಅಂಕಲ್, ಇಷ್ಟೊಂದು ಕಾರ್ಬ್ಸ್ ಯಾಕೆ? ನಮ್ ಬಾಡೀಲಿ ಆಲ್ರೆಡಿ ಸ್ಟಾಕ್ ಇರುತ್ತೆ. ಕೊಬ್ಬು. ಊಟ ಕೊಡ್ದಿದ್ರೆ ಬಾಡಿ ಅದನ್ನೇ ತಗೊಂಡು ಉರಿಸ್ಕೊಳ್ಳುತ್ತೆ.”

“ಗೋಡೌನ್ ತುಂಬ ಅಕ್ಕಿ ಇದ್ರೆ ಹೊಟ್ಟೆ ತುಂಬ್ತದೇನಪ್ಪಾ? ಮೂಟೆ ಇಳಿಸ್ಬೇಕು, ಬಿಚ್ಚಬೇಕು, ಬೇಯಿಸ್ಬೇಕು. ಅಲ್ಲೀವರ್ಗೂ ಬೆಟ್ಟ ಕಾಯ್ತದಾ?”

“ಅಂಕಲ್ ಸಖತ್ ಫನ್ನಿ” ಅಂದ.

ಅಷ್ಟರಲ್ಲಿ ಒಂದು ಬಂಡೆಯ ಮೇಲೆ ಸಿಗ್ನಲ್ ಸಿಕ್ಕಿತು. ಮಗಳು ರಮ್ಯಾ ಫೋನ್ ಮಾಡಿದಳು.

“ಅಪ್ಪಾ, ಅವ್ರು ಸರಿಯಾಗಿ ತಿಂತಿದ್ದಾರಾ? ಈ ವಾರದಲ್ಲಿ ಎರಡು ಸಲ ತಲೆ ಸುತ್ತು ಅಂದ್ರು. ನಂಗೆ ಭಯ ಆಗುತ್ತೆ.”

“ನಾನಿದ್ದೀನಲ್ಲಮ್ಮ, ಬಿಡು.”

ನಾನಿದ್ದೇನೆ ಅಂತ ಹೇಳುವುದು ಸುಲಭ. ಫೋನ್ ಇಟ್ಟ ಮೇಲೆ ಅಳಿಯನ ಡೇರೆಯ ಹತ್ತಿರ ಹೋದೆ.

“ಅಳಿಯಂದ್ರೇ, ಏನಾದ್ರೂ ತಿಂದ್ರಾ?”

“ಆಯ್ತು ಮಾವ, ಆಯ್ತು.”

ಏನಾಯಿತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅಳಿಯನನ್ನು ಹೇಗೆ ಗದರುವುದು? ಹೆಣ್ಣು ಕೊಟ್ಟವರು ನಾವು. ಅವನು ನನ್ನ ಮಗನಾಗಿದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದೆ.

ಇಲ್ಲಿ ಮಂಡಿಯ ಒಂದು ಪದ್ಧತಿ ಹೇಳಬೇಕು. ಹೇಳದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾಗುವುದಿಲ್ಲ.

ನಮ್ಮ ಗುಂಪಿಗೆ ಮುನಿಯಪ್ಪ ಅಂತ ಮೇಸ್ತ್ರಿ ಇದ್ದರು. ಯಲಹಂಕದಿಂದಾಚೆಯ ಹಳ್ಳಿಯವರು. ಬೆಳಿಗ್ಗೆ ಲೋಡು ಶುರುವಾಗುವ ಮುಂಚೆ ನಾವೆಲ್ಲ ಸಾಲಾಗಿ ನಿಲ್ಲಬೇಕು. ಮುನಿಯಪ್ಪ ಒಬ್ಬೊಬ್ಬರ ಮುಂದೆ ಬಂದು, ಬಲಗೈ ಹಿಡಿದು, ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಸಾರಿನ ವಾಸನೆ ಬಂದರೆ ಬೆನ್ನ ಮೇಲೆ ಮೂಟೆ. ಬರದಿದ್ದರೆ ಪಕ್ಕಕ್ಕೆ. ಆಗ ನಮಗೆ ಸೋಪು ಎಲ್ಲಿತ್ತು? ನಲ್ಲಿ ನೀರಲ್ಲಿ ಕೈ ತೊಳೆದರೆ ಮುದ್ದೆ ಸಾರಿನ ವಾಸನೆ ಮಧ್ಯಾಹ್ನದವರೆಗೂ ಹೋಗುತ್ತಿರಲಿಲ್ಲ.

ದಯೆ ಅಂದುಕೊಳ್ಳಬೇಡಿ. ದಯೆ ಅಲ್ಲ. ಲಾರಿಯಿಂದ ಗೋಡೌನಿಗೆ ಒಂದು ಹಲಗೆ ಹಾಸಿರುತ್ತಿತ್ತು, ಒಂದು ಅಡಿ ಅಗಲ. ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಮೂಟೆ ಹೊತ್ತು ಇಳಿಯಬೇಕು. ಮುಂದಿನವನು ಹಸಿದು ಕಾಲು ನಡುಗಿಸಿದರೆ ಬೀಳುವುದು ಅವನೊಬ್ಬನೇ ಅಲ್ಲ.

“ಒಟ್ಟೆಗಿಲ್ದೋನ್ ಬೆನ್ ಮ್ಯಾಗೆ ಮೂಟೆ ಆಕಿದ್ರೆ, ಅವ್ನ್ ಇಂದೆ ಇರೋನ್ ಎಂಡ್ತಿ ಬಂದು ನನ್ನ ಕೇಳ್ತಾಳೆ ಕಣ್ರಲಾ” ಅನ್ನುತ್ತಿದ್ದರು.

ನಾನು ಹೋದ ಹೊಸತು. ಹದಿನಾರು ತುಂಬಿರಲಿಲ್ಲ. ಒಂದು ದಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಹಚ್ಚಲು ಒಳಗೆ ಏನೂ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಮಂಡಿಯ ಮುಂದಿನ ಹೋಟೆಲಿನವನು ಎಲೆ ಬಿಸಾಡುತ್ತಿದ್ದ ಜಾಗಕ್ಕೆ ಹೋಗಿ, ಒಂದು ಎಲೆಯಲ್ಲಿ ಉಳಿದಿದ್ದ ಸಾರನ್ನು ಅಂಗೈಗೆ ಬಳಿದುಕೊಂಡು ಸಾಲಿನಲ್ಲಿ ನಿಂತೆ. ಮುನಿಯಪ್ಪ ಮೂಸಿದರು. ಮತ್ತೆ ಮೂಸಿದರು. ಆಮೇಲೆ ಬೆರಳುಗಳನ್ನು ಬಿಡಿಸಿ ಸಂದಿಯಲ್ಲಿ ಮೂಸಿದರು. ಕಪಾಳಕ್ಕೆ ಒಂದು ಬಿಟ್ಟರು.

“ಉಂಡೋನ್ ಕೈಯಿ ಬೆರಳ್ ಸಂದೀಲಿ ನಾರ್ತದೆ. ಬಳ್ಕೊಂಡೋನ್ ಕೈಯಿ ಅಂಗೈಲಿ ನಾರ್ತದೆ. ನನಗೇ ಏಳ್ಕೊಡ್ತೀಯೇನ್ಲಾ?”

ಹೊಡೆದ ಕೈಯಲ್ಲೇ ತಮ್ಮ ಬುತ್ತಿ ಬಿಚ್ಚಿ, ಅರ್ಧ ಮುದ್ದೆ ಮುರಿದು ನನ್ನ ಮುಂದಿಟ್ಟರು. ಅವತ್ತಿನ ಲೋಡು ಅರ್ಧ ಗಂಟೆ ತಡ. ಲಾರಿ ಡ್ರೈವರ್ ಕೂಗಾಡಿದ. ಮುನಿಯಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆ ಗುಂಪಿನಲ್ಲಿ ಬೆಳೆದವನು ನಾನು. ಭಾನುವಾರ ಬೆಳಿಗ್ಗೆ ಏನು ಮಾಡಿದೆ ಕೇಳಿ.

ಬೆಳಗಾಯಿತು. ಚಪ್ಪಟೆ ಬಂಡೆ ಹುಡುಕಿ ಮೆಷಿನ್ ಇಟ್ಟರು. ನನ್ನ ಅಳಿಯ ನಿಂತ. ಎಂಬತ್ತೊಂದು ಚಿಲ್ಲರೆ. ಎಲ್ಲರೂ ಚಪ್ಪಾಳೆ ತಟ್ಟಿದರು. “ಮಚ್ಚಾ, ನಾಳೆ ಕಪ್ ನಿಂದೇ!” ಅಳಿಯನ ಮುಖದಲ್ಲಿ ನಗು ಇತ್ತು, ಬಣ್ಣ ಇರಲಿಲ್ಲ. ಶೇಷಪ್ಪ ದೊಡ್ಡ ಬೋಗುಣಿಯಲ್ಲಿ ಉಪ್ಪಿಟ್ಟು ಮಾಡಿಟ್ಟಿದ್ದ. ಖಾಲಿ ಹೊಟ್ಟೆಯಲ್ಲಿ ಹತ್ತಿದರೆ ಡಬಲ್ ಲಾಭ ಅಂತ ಕೋಚ್ ಹೇಳಿದ. ಬ್ಲ್ಯಾಕ್ ಕಾಫಿ ಕುಡಿದು ಹೊರಟರು.

ಅಳಿಯ ನನ್ನ ಪಕ್ಕದಲ್ಲೇ ಹಾದುಹೋದ. ಬಲಗೈ ನೋಡಿದೆ. ಒಣಗಿದ, ಸ್ವಚ್ಛವಾದ ಕೈ. ಮೂಸುವುದೇ ಬೇಕಿರಲಿಲ್ಲ. ಮುನಿಯಪ್ಪನ ಸಾಲಿನಲ್ಲಾಗಿದ್ದರೆ ಆ ಕೈಯವನು ಪಕ್ಕಕ್ಕೆ.

ನಾನು ಸುಮ್ಮನಾದೆ. ಅರ್ಧ ಅಳಿಯ ಅಂತ. ಇನ್ನರ್ಧ, ನಿಜ ಹೇಳಬೇಕೆಂದರೆ, ಅನುಭವಿಸಲಿ ಅಂತ. ನನ್ನನ್ನು ಒಬೀಸ್ ಅಂದವರು ಬೆಟ್ಟದಲ್ಲಿ ಏದುಸಿರು ಬಿಡುವುದನ್ನು ನೋಡುವ ಆಸೆ ನನಗೂ ಇತ್ತು. ಎರಡು ತಟ್ಟೆ ಉಪ್ಪಿಟ್ಟು ತಿಂದು ಹಿಂದಿನಿಂದ ನಗುತ್ತಾ ಹತ್ತಿದೆ.

ತುದಿ ಮುಟ್ಟಿ ಫೋಟೋ ಹೊಡೆದುಕೊಂಡು ಇಳಿಯಲು ಶುರು ಮಾಡಿದಾಗ ಹನ್ನೊಂದು ಗಂಟೆ ದಾಟಿತ್ತು. ಬೆಟ್ಟದ ಏಣಿನ ಮೇಲೆ ದಾರಿ. ಎಡಕ್ಕೂ ಇಳಿಜಾರು, ಬಲಕ್ಕೂ ಇಳಿಜಾರು, ನಡುವೆ ನಮ್ಮ ಮಂಡಿಯ ಹಲಗೆ ಎರಡು ಜೋಡಿಸಿದಷ್ಟು ಜಾಗ. ನೆರಳಿಗೆ ಒಂದು ಗಿಡ ಇಲ್ಲ. ನನ್ನ ಮುಂದೆ ಅಳಿಯ ಹೋಗುತ್ತಿದ್ದ. ನಡೆಯುತ್ತಾ ನಡೆಯುತ್ತಾ ನಿಂತ.

“ಅಳಿಯಂದ್ರೇ, ಏನಾಯ್ತು?”

ತಿರುಗಿದ. ಕಣ್ಣು ನನ್ನ ಮೇಲಿತ್ತು, ನೋಟ ಬೇರೆಲ್ಲೋ ಇತ್ತು.

“ಲೋ, ಜಾಗ ಬಿಡೋ” ಅಂದ.

ಓದುಗರೇ, ಒಂದೂವರೆ ವರ್ಷದಲ್ಲಿ ಆ ಹುಡುಗ ನನ್ನ ಮುಂದೆ ಕಾಲು ಮೇಲೆ ಕಾಲು ಹಾಕಿ ಕೂತವನಲ್ಲ. ಅಳಿಯ ಮಾವನಿಗೆ ‘ಲೋ’ ಅಂದರೆ ಎರಡೇ ಕಾರಣ. ಒಂದು, ಕುಡಿದಿರಬೇಕು. ಇಲ್ಲವೇ ತಲೆಗೆ ಹೋಗಬೇಕಾದ್ದು ಹೋಗುತ್ತಿಲ್ಲ. ಇವನು ಕುಡಿಯುವವನಲ್ಲ.

“ಮಾವ... ಶಿಫ್ಟ್ ಬಸ್ ಬಂತು” ಅಂತ ಬಲಗಡೆಗೆ ಕಾಲಿಟ್ಟ. ಬಲಗಡೆ ಏನೂ ಇರಲಿಲ್ಲ. ಗಾಳಿ ಇತ್ತು.

ಬ್ಯಾಗಿನ ಪಟ್ಟಿ ಹಿಡಿದು ಎಳೆದೆ. ಇಬ್ಬರೂ ಬಂಡೆಯ ಮೇಲೆ ಬಿದ್ದೆವು. ಅವನ ಕತ್ತು ಮುಟ್ಟಿದೆ. ಆ ಬಿಸಿಲಿನಲ್ಲಿ ತಣ್ಣನೆ ಬೆವರು. ಕೈ ನಡುಗುತ್ತಿತ್ತು. ಇದನ್ನು ನಾನು ಮಂಡಿಯಲ್ಲಿ ಎಷ್ಟು ಸಲ ನೋಡಿಲ್ಲ?

ರಮ್ಯಾಗೆ ಏನಂತ ಹೇಳುವುದು? ‘ನಾನಿದ್ದೀನಲ್ಲಮ್ಮ’ ಅಂದಿದ್ದೆ. ಇದ್ದೆ, ನಿಜ. ಹಿಂದೆ ನಗುತ್ತಾ ಇದ್ದೆ.

ಹೆಸರು ಹಿಡಿದು ಕೂಗಿದೆ. “ಪ್ರದೀಪಾ! ನನ್ನ ನೋಡು!” (ನೀವು, ಅಳಿಯಂದ್ರು ಎಲ್ಲ ಆಗ ಕಣಿವೆಗೆ ಬಿದ್ದು ಹೋಗಿತ್ತು.) ನೋಡಿದ. “ನುಂಗು” ಅಂದೆ, ಉಗುಳು ನುಂಗಿದ. ಅದನ್ನು ಮೊದಲು ನೋಡಿಕೊಳ್ಳಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನೂ ಹಾಕಬಾರದು, ಉಸಿರಿನ ಕೊಳವೆಗೆ ಹೋಗುತ್ತದೆ. ನುಂಗುತ್ತಿದ್ದಾನೆ ಅಂತ ಖಾತ್ರಿಯಾದ ಮೇಲೆ ಬೆಲ್ಲ ಪುಡಿ ಮಾಡಿ ನಾಲಿಗೆಗೆ ಹಾಕಿದೆ. ಸ್ವಲ್ಪ ನೀರು. ಮತ್ತೆ ಬೆಲ್ಲ.

ಅಷ್ಟರಲ್ಲಿ ಕೋಚ್ ಬಂದ.

“ಅಂಕಲ್, ಏನ್ ಕೊಡ್ತಿದ್ದೀರಾ? ಬೆಲ್ಲಾನಾ? ಡೈರೆಕ್ಟ್ ಶುಗರ್ ಕಣ್ರೀ ಅದು, ಮೂರು ತಿಂಗಳಿಂದ ಅವ್ರು ಮುಟ್ಟಿಲ್ಲ.”

“ಚೇತನ್ನೋ ಗೀತನ್ನೋ, ಇನ್ನೊಂದು ಮಾತಾಡಿದ್ರೆ ನಿನ್ನ ತೂಕ ಇಲ್ಲೇ ಇಳಿಸ್ತೀನಿ. ನೆರಳು ಹಿಡಿ.”

ಹಿಡಿದ. ಎರಡು ವಾಚಿನ ಕೈಯಲ್ಲಿ ನನ್ನ ಟವೆಲ್ ಚಾಚಿಕೊಂಡು ನಿಂತ.

ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಬೀಡಿ ಸೇದುವಷ್ಟು ಹೊತ್ತಿರಬಹುದು, ಎರಡು ಬೀಡಿಯಷ್ಟಿರಬಹುದು. ಅಳಿಯ ಕಣ್ಣು ಮಿಟುಕಿಸಿ, “ಮಾವ, ನೀವ್ಯಾಕೆ ಕೆಳಗೆ ಕೂತಿದ್ದೀರಾ? ಬಟ್ಟೆ ಕೊಳೆ ಆಗುತ್ತೆ” ಅಂದ.

ನೀವು! ಆ ಒಂದು ‘ನೀವು’ ಕೇಳಿ ನನಗೆ ಉಸಿರು ಬಂತು.

ಆಮೇಲೆ ಡಬ್ಬ ತೆಗೆದೆ. ಅವನು ಅದನ್ನು ಗುರುತು ಹಿಡಿದ. ಮುಖ ತಗ್ಗಿಸಿದ. ಒಂದು ತಂಬಿಟ್ಟು ಮುರಿದು ಬಾಯಿಗಿಟ್ಟೆ. ತಲೆ ಎತ್ತಿ ನೋಡಿದರೆ ಸುತ್ತ ಒಂಬತ್ತು ಕೈ ಚಾಚಿಕೊಂಡಿವೆ. ಎಲ್ಲರ ಕಾಲೂ ಒಂದೇ ಥರ ನಡುಗುತ್ತಿತ್ತು, ಒಬ್ಬ ಮೊದಲು ಬಿದ್ದ, ಅಷ್ಟೇ ವ್ಯತ್ಯಾಸ. ಒಂದೊಂದು ಕೊಟ್ಟೆ. ಹತ್ತನೆಯದನ್ನು ಕೋಚ್ ತೆಗೆದುಕೊಂಡು ಆ ಕಡೆ ತಿರುಗಿ ನಿಂತು ತಿಂದ. ಸೀರೆಯ ಸೆರಗಿನ ಮರೆಯಲ್ಲಿ ಮದುಮಗಳು ತಿಂದ ಹಾಗೆ!

ಅಳಿಯನಿಗೆ ಕಣ್ಣು ಬಂತು, ಕಾಲು ಬರಲಿಲ್ಲ. ನಿಲ್ಲಿಸಿದರೆ ಮಡಚಿಕೊಳ್ಳುತ್ತಿದ್ದ. ಅಲ್ಲಿ ಬಿಸಿಲು ಸುಡುತ್ತಿತ್ತು, ನೆರಳು ಸಿಗಬೇಕೆಂದರೆ ಬಂಡೆಯ ಇಳಿಜಾರು ದಾಟಿ ಮರಗಳ ಹತ್ತಿರ ಹೋಗಬೇಕು. ಗುಂಪಿನಲ್ಲಿ ಜಿಮ್ಮಿನಲ್ಲಿ ನೂರು ಕಿಲೋ ಎತ್ತುವವರು ಇಬ್ಬರಿದ್ದರು. ಒಬ್ಬ ಬಂದು ಅಳಿಯನನ್ನು ಎತ್ತಿಕೊಂಡು ಆರು ಹೆಜ್ಜೆ ಹಾಕಿದ. ಏಳನೆಯದಕ್ಕೆ ಕೂತುಬಿಟ್ಟ. ಜಿಮ್ಮಿನಲ್ಲಿ ಎತ್ತಿದ್ದನ್ನು ಅಲ್ಲೇ ಇಡುತ್ತಾರೆ. ಎತ್ತಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಪಾಪ.

ಶೇಷಪ್ಪ ನನ್ನ ಮುಖ ನೋಡಿದ. “ಅಣ್ಣಾ, ಆಗ್ತದಾ?”

“ಕೂರ್ಸು” ಅಂದೆ.

ಹೊರುವವನಿಗೆ ಗೊತ್ತು. ಭಾರ ತೋಳಿನದ್ದಲ್ಲ, ಸೊಂಟದ್ದು. ಸೊಂಟದ ಮೇಲೆ ಕೂರಿಸಿಕೊಂಡು, ಮುಂದಕ್ಕೆ ಬಾಗಿ, ಸಣ್ಣ ಸಣ್ಣ ಹೆಜ್ಜೆ. ಮಂಡಿ ಬಿಟ್ಟು ಎಷ್ಟೋ ವರ್ಷವಾಗಿದೆ. ವಯಸ್ಸು ಐವತ್ತಾರು. ಆದರೆ ಬೆಳಿಗ್ಗೆ ತಿಂದ ಎರಡು ತಟ್ಟೆ ಉಪ್ಪಿಟ್ಟು ಹೊಟ್ಟೆಯಲ್ಲಿತ್ತು, ಒಬೀಸ್ ಕ್ಯಾಟಗರಿ ಕಾಲ ಕೆಳಗೆ ಗಟ್ಟಿಯಾಗಿ ನಿಂತಿತ್ತು. ಮೂವತ್ತು ಹೆಜ್ಜೆಗೆ ಒಂದು ಸಲ ಇಳಿಸಿ, ಶೇಷಪ್ಪನಿಗೆ ಕೊಟ್ಟು, ಮತ್ತೆ ತೆಗೆದುಕೊಂಡು, ಹಾಗೇ ದಾಟಿಸಿದೆವು. ಬೆನ್ನ ಮೇಲಿನಿಂದ ಅಳಿಯ ಅಳುತ್ತಾ ಒಂದೇ ಮಾತು ಹೇಳುತ್ತಿದ್ದ.

“ಮಾವ, ರಮ್ಯಾಗೆ ಹೇಳ್ಬೇಡಿ.”

ಮರದ ನೆರಳಲ್ಲಿ ಕೂತ ಮೇಲೆ ಇನ್ನೆರಡು ತಂಬಿಟ್ಟು ತಿಂದ, ಉಪ್ಪು ಹಾಕಿದ ನೀರು ಕುಡಿದ, ಒಂದು ಗಂಟೆ ಮಲಗಿದ, ಎದ್ದು ತಾನೇ ನಡೆದುಕೊಂಡು ಇಳಿದ. ಇಳಿದ ಮೇಲೆ ಡಾಕ್ಟರಿಗೂ ತೋರಿಸಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೊನೇ ಸಲ ಊಟ ಮಾಡಿದ್ದು ಯಾವಾಗ?” ನನ್ನ ಅಳಿಯ ಶುಕ್ರವಾರದಿಂದ ಎಣಿಸಲು ಶುರು ಮಾಡಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

ಇಲ್ಲಿಗೆ ಹುಡುಗನಿಗೆ ಬುದ್ಧಿ ಬಂತು ಅಂತ ನೀವು ಕಾಯುತ್ತಿದ್ದರೆ, ಕಾಯಬೇಡಿ. ಸೋಮವಾರ ಬೆಳಿಗ್ಗೆ ಪಾರ್ಕಿಗೆ ಹೋಗಿ ಮೆಷಿನ್ ಹತ್ತಿದ! ಎರಡನೇ ಬಹುಮಾನ. ಸರ್ಟಿಫಿಕೇಟು, ಜೊತೆಗೆ ಒಂದು ಹೋಟೆಲಿನ ಕೂಪನ್ನು. ಇಬ್ಬರು ಹೋಗಿ ಎಷ್ಟು ಬೇಕಾದರೂ ತಿನ್ನಬಹುದಂತೆ. ಊಟ ಬಿಟ್ಟಿದ್ದಕ್ಕೆ ಊಟದ ಬಹುಮಾನ. ಇದನ್ನು ಯೋಚಿಸಿದವನ ತಲೆಯನ್ನು ಯಾವ ಕಾಟಾದ ಮೇಲೆ ಇಡುವುದು?

ಒಂದು ಮಾತು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ತೂಕ ಇಳಿಸುವುದು ತಪ್ಪಲ್ಲ. ನನ್ನ ಹೊಟ್ಟೆಯೂ ಸ್ವಲ್ಪ ಕರಗಿದರೆ ಜಯಮ್ಮನಿಗೆ ಸಂತೋಷವೇ. ಮನೆಯಲ್ಲಿ ಕೂತು ಇಳಿಸಿಕೊಳ್ಳಿ, ಪಾರ್ಕಿನಲ್ಲಿ ಓಡಿ ಇಳಿಸಿಕೊಳ್ಳಿ. ಹೊರೆ ಹೊರುವ ದಿನ ಉಪವಾಸ ಮಾಡಬೇಡಿ. ಇದನ್ನು ತಿಳಿಯಲು ಕಾಲೇಜು ಬೇಕಿಲ್ಲ. ಎತ್ತಿಗೆ ಮೇವು ಹಾಕದೆ ಗಾಡಿ ಕಟ್ಟುವ ರೈತ ಇದ್ದಾನೆಯೇ? ಡೀಸೆಲ್ ಹಾಕದೆ ನಾನು ಘಟ್ಟ ಹತ್ತಿಸುತ್ತೇನೆಯೇ? ನಮಗೆ ಇಲ್ಲದ್ದರಿಂದ ಹಸಿವು. ಇವರಿಗೆ ಡಬ್ಬದ ತುಂಬ ಇದ್ದೂ ಹಸಿವು, ಅದಕ್ಕೊಬ್ಬ ಕೋಚು, ಅದಕ್ಕೊಂದು ಚಪ್ಪಾಳೆ. ಎಲೆಯ ಎಂಜಲು ಸಾರನ್ನು ಕೈಗೆ ಬಳಿದುಕೊಂಡವನಿಗೆ ಇದನ್ನು ನೋಡಿ ಸಿಟ್ಟು ಬರಬಾರದೆ?

ಸಿಟ್ಟು ಮಾಡಿಕೊಂಡು ಕೂತರೆ ಸಾಕೇ? ಹಿಂದಿನ ಸಲ ನಾನು ಮಾಡಿದ್ದೂ ಅಷ್ಟೇ ತಾನೆ.

ಆದ್ದರಿಂದ ನನ್ನ ಗಾಡಿಗೆ ಹೊಸ ರೂಲ್ಸ್ ತಂದೆ. ಬೆಟ್ಟಕ್ಕೆ ಹೋಗುವ ಪಾರ್ಟಿ ಯಾವುದೇ ಇರಲಿ, ಬಾಗಿಲಲ್ಲಿ ನಿಂತು ಬಲಗೈ ಕೊಡಬೇಕು. ನಾನು ಮೂಸುತ್ತೇನೆ. ತಿಂದಿದ್ದರೆ ಒಳಗೆ. ಇಲ್ಲದಿದ್ದರೆ ತಿಂದು ಬನ್ನಿ, ಗಾಡಿ ಕಾಯುತ್ತದೆ. ಸ್ಪೂನಿನಲ್ಲಿ ತಿನ್ನುವವರು ನನ್ನ ಕಣ್ಣ ಮುಂದೆ ತಿನ್ನಬೇಕು. ಒಪ್ಪದಿದ್ದರೆ ಬೇರೆ ಗಾಡಿ ನೋಡಿಕೊಳ್ಳಿ. ಜನ ಹುಚ್ಚ ಅಂದರು. ಅನ್ನಲಿ. ಗಾಡಿ ನಂದು.

ಈ ಶನಿವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಅದೇ ಗುಂಪು, ಹೆಬ್ಬಾಳದ ಬದಲು ಕೆಂಪಾಪುರದಲ್ಲೇ ಪಿಕಪ್. ಹೊಸ ಪಂದ್ಯವಂತೆ, ಈ ಸಲ ಅರವತ್ತು ದಿನ. (ಮೆಷಿನ್ನೂ ಹೊಸದು.) ಕೋಚ್ ಮೊದಲು ಬಂದ. ಹೇಳದೆಯೇ ಕೈ ಚಾಚಿದ. ಚಿತ್ರಾನ್ನ. ಒಳಗೆ ಬಿಟ್ಟೆ. ಒಬ್ಬೊಬ್ಬರೇ ಬಂದರು. ದೋಸೆ ಚಟ್ನಿ, ಪಲಾವು, ಪೂರಿ ಸಾಗು. ಬೆಂಗಳೂರಿನ ಬೆಳಗಿನ ತಿಂಡಿಯೆಲ್ಲ ಮೂಗಿನಲ್ಲೇ ಆಯಿತು.

ಕೊನೆಯಲ್ಲಿ ನನ್ನ ಅಳಿಯ. ನಗುತ್ತಾ ಕೈ ಕೊಟ್ಟ.

“ಇಡ್ಲಿ ಸಾಂಬಾರ್ ಮಾವ. ನಾಲ್ಕು ತಿಂದೆ.”

ಮೂಸಿದೆ. ಸಾಂಬಾರು ಘಮ್ಮೆಂದಿತು. ಮತ್ತೆ ಮೂಸಿದೆ. ಅಂಗೈಯಲ್ಲಿ ಘಮಘಮ. ಬೆರಳು ಬಿಡಿಸಿದೆ. ಸಂದಿಯಲ್ಲಿ ಏನೂ ಇರಲಿಲ್ಲ.

ಅಳಿಯನ ಕಪಾಳಕ್ಕೆ ಹೊಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ. (ಇರಬೇಕಿತ್ತು.) ಭುಜ ಹಿಡಿದು ತಿರುಗಿಸಿ, ಎದುರಿನ ಇಡ್ಲಿ ಗಾಡಿಯ ಮುಂದೆ ನಿಲ್ಲಿಸಿದೆ. “ಇವ್ರಿಗೆ ನಾಲ್ಕು ಕೊಡಮ್ಮಾ, ಬಿಸಿದು” ಅಂದೆ. ಗಾಡಿಯ ಕಿಟಕಿಗಳಿಂದ ಹತ್ತು ಮುಖ ಹೊರಗೆ ಬಂದವು. ಕೋಚ್ ವಾಚ್ ನೋಡಿಕೊಂಡು, “ಅಂಕಲ್, ಲೇಟ್ ಆಗ್ತಿದೆ” ಅಂತ ಕೂಗಿದ. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕನೇ ಇಡ್ಲಿ ಮುರಿಯುತ್ತಾ ಅಳಿಯ ಮೆಲ್ಲಗೆ ಕೇಳಿದ: “ನಿಮ್ಗೆ ಹೆಂಗೆ ಗೊತ್ತಾಯ್ತು ಮಾವ? ವಾಚಲ್ಲಿ ಎಂಟ್ರಿ ಕೂಡ ಮಾಡಿದ್ದೆ, ನಾಲ್ಕು ಇಡ್ಲಿ ಅಂತ. ಅದು ಓಕೆ ಅಂದಿತ್ತು.”

ಅನ್ನದೆ ಇನ್ನೇನು ಮಾಡೀತು, ಅದಕ್ಕೇನು ಮೂಗಿದೆಯೇ?